ಪರಿವಿಡಿಗೆ ಬಾರದ ಅಧ್ಯಾಯಗಳು

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿ ಮುರಿಗೆಪ್ಪಜ್ಜ ಎಂಬ ಗುರುಗಳು, ಅಡಿವೆಯ್ಯ ಎಂಬ ಶಿಷ್ಯ. ಮೊದಲು ಕಲ್ಮೇಶ ಎಂಬ ಇನ್ನೊಬ್ಬ ಶಿಷ್ಯನೂ ಇದ್ದ. ಈಗ ಇಲ್ಲ.

ಅಜ್ಜನವರ ಮಾತು ಬಹಳ ಕಡಿಮೆ. ಅಪರೂಪಕ್ಕೆ ಆಡಿದ್ದನ್ನೆಲ್ಲ ಕೂಡಿಸಿ ಪುಸ್ತಕ ಮಾಡಬೇಕೆಂದು ಭಕ್ತರು ಹಟ ಹಿಡಿದರು. ಹಟ ಹಿಡಿದ ತಪ್ಪಿಗೆ ಒಂದು ಕಂಪ್ಯೂಟರನ್ನೂ ಅವರೇ ತಂದುಕೊಡಬೇಕಾಯಿತು.

ಕಲ್ಮೇಶ ಟೈಪು ಮಾಡಲು ಕೂತ. ಒಂಬತ್ತು ಅಧ್ಯಾಯ ಮುಗಿಸಿದ. ಆಮೇಲೆ ಒಂದು ದಿನ, ಅಡಿವೆಯ್ಯ ಹೊಳೆಯಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ, ಮಧ್ಯಾಹ್ನದ ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಪೇಟೆಯಲ್ಲಿ ಅವನ ಸೋದರಮಾವನ ಡಿಟಿಪಿ ಅಂಗಡಿ ಇತ್ತು.

ಅಜ್ಜನವರಿಗೆ ಹೇಳಿ ಹೋಗಿದ್ದ. ಅಡಿವೆಯ್ಯನಿಗೆ ಹೇಳಿರಲಿಲ್ಲ.

ಅಂದಿನಿಂದ ಅಡಿವೆಯ್ಯ ಒಬ್ಬನೇ ಉಂಡ, ಒಬ್ಬನೇ ಅಂಗಳ ಗುಡಿಸಿದ, ಒಬ್ಬನೇ ಕಂಪ್ಯೂಟರ್ ಮುಂದೆ ಕೂತ. ಸಂಜೆ ಆರತಿ ಮುಗಿದ ಮೇಲೆ ಮಠದಲ್ಲಿ ಹೊಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಲ್ಲಿ ತಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಅವನಿಗೆ ಅನ್ನಿಸತೊಡಗಿತು.

ಪುಸ್ತಕ ಮುಗಿದ ಮರುದಿನವೇ ಅಕ್ಕನ ಊರಿಗೆ ಹೊರಟುಬಿಡುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಅಜ್ಜನವರಿಗೂ ಹೇಳಲಿಲ್ಲ. ಮುಖ ಸಣ್ಣದು ಮಾಡಿಕೊಂಡು ತಿರುಗಾಡಿದ, ಅಷ್ಟೇ. ನೋಡಿದವರಿಗೆ ತಿಳಿಯಬೇಕಲ್ಲ ಎಂಬುದು ಅವನ ಲೆಕ್ಕ.

ಹತ್ತನೆಯ ಅಧ್ಯಾಯದಿಂದ ಟೈಪಿನ ಕೆಲಸ ಅವನದಾಯಿತು. ಕಲ್ಮೇಶನ ತಲೆಬರಹಗಳನ್ನು ನೋಡಿ ನೋಡಿ ತನ್ನವನ್ನೂ ಹಾಗೇ ಮಾಡಿದ. ಅಷ್ಟೇ ದೊಡ್ಡ ಅಕ್ಷರ, ಅಷ್ಟೇ ದಪ್ಪ, ಅದೇ ಬಣ್ಣ. ಅಧ್ಯಾಯದ ಅಂಕಿಗಳನ್ನು ಕೈಯಿಂದಲೇ ಹೊಡೆದ. ಪಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ಹೇಳುವ ಹಾಗಿರಲಿಲ್ಲ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಒಂದು ಮುಂಜಾನೆ ಅಜ್ಜನವರು ಬಂದು ಹಿಂದೆ ನಿಂತರು.

"ನಾಕನೇದು ತೆಗಿ."

"ಯಾಕ್ರಿ ಅಜ್ಜಾರ?"

"ಅದರಾಗ ನಾ ಭಾಳ ಶ್ಯಾಣ್ಯಾನಂಗ ಮಾತಾಡೀನಿ."

ಅಡಿವೆಯ್ಯ ತೆಗೆದ. ಕಲ್ಮೇಶನ ಐದು ತಾನಾಗಿಯೇ ನಾಲ್ಕಾಯಿತು, ಆರು ಐದಾಯಿತು, ಒಂಬತ್ತು ಎಂಟಾಯಿತು. ಅಡಿವೆಯ್ಯನ ಹತ್ತು ಮಾತ್ರ ಹತ್ತಾಗಿಯೇ ಕೂತಿತ್ತು.

"ಒಂಬತ್ತು ಎಲ್ಲಿ?" ಎಂದರು ಅಜ್ಜನವರು.

"ಕಲ್ಮೇಶನ ಅಂಕಿ ತಾವಾಗಿ ಜರಗಿದವ್ರಿ. ನನ್ನವು ಜರಗವಲ್ಲವು."

"ನಾಕನೇದು ಹೋಗೇತಿ ಅಂತ ಅವಕ್ಕ ಗೊತ್ತಿಲ್ಲೇನು?"

ಅಡಿವೆಯ್ಯ ತನ್ನ ಅಂಕಿಗಳನ್ನು ಒಂದೊಂದಾಗಿ ಅಳಿಸಿ, ಒಂದೊಂದಾಗಿ ಹೊಸದಾಗಿ ಹೊಡೆದ. ಬೆನ್ನು ಸೆಟೆದುಕೊಂಡಿತು.

ಮರುದಿನ ಅಜ್ಜನವರು ಮತ್ತೆ ಬಂದರು.

"ನಾಕನೇದು ಮತ್ತ ಹಾಕು."

"ನಿನ್ನೆರ ತೆಗಿ ಅಂದಿದ್ರಿ!"

"ಶ್ಯಾಣ್ಯಾನಂಗ ಮಾತಾಡಿದ್ದೂ ಖರೇನ ಅಲ್ಲೇನು? ಮಂದಿಗಿ ಗೊತ್ತಾಗ್ಲಿ."

ಹಾಕಿದ. ಕಲ್ಮೇಶನವು ಸರಿದು ಜಾಗ ಕೊಟ್ಟವು. ತನ್ನವನ್ನು ಅಡಿವೆಯ್ಯ ಮತ್ತೆ ಮೊದಲಿನಿಂದ ತಿದ್ದಿದ. ಅಜ್ಜನವರ ಮೇಲೆ ಬಂದ ಸಿಟ್ಟನ್ನು ಕೀಲಿಮಣೆಯ ಮೇಲೆ ತೀರಿಸಿಕೊಂಡ.

ಅಂತೂ ಕೊನೆಯ ಅಧ್ಯಾಯ ಮುಗಿಯಿತು. ಪ್ರೆಸ್ಸಿನವರು ಫೋನು ಮಾಡಿ ಪರಿವಿಡಿ ಕೇಳಿದರು. ಪರಿವಿಡಿಯನ್ನು ಕಂಪ್ಯೂಟರೇ ಮಾಡಿಕೊಡುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು ಎಂದರು.

ಅಡಿವೆಯ್ಯ ಒತ್ತಿದ. ಕಲ್ಮೇಶನ ಒಂಬತ್ತು ಅಧ್ಯಾಯಗಳು ಪುಟದ ಸಂಖ್ಯೆ ಸಮೇತ ಸಾಲಾಗಿ ಬಂದು ನಿಂತವು. ಅದರ ಕೆಳಗೆ ಬರೀ ಬಿಳಿ.

ಮತ್ತೆ ಒತ್ತಿದ. ಮತ್ತೆ ಅಷ್ಟೇ.

ಪುಸ್ತಕದ ಮುಕ್ಕಾಲು ಪಾಲು ಅವನು ಮಾಡಿದ್ದು. ಅದರಲ್ಲಿ ಒಂದೇ ಒಂದು ಸಾಲೂ ಲೆಕ್ಕಕ್ಕೆ ಬಂದಿರಲಿಲ್ಲ. ಬಿಟ್ಟು ಹೋದವನು ಪರಿವಿಡಿಯಲ್ಲಿದ್ದ, ಉಳಿದವನು ಇರಲಿಲ್ಲ.

ಅಜ್ಜನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಡಿವೆಯ್ಯ ಅಲ್ಲಿಗೇ ಹೋದ.

"ಅಜ್ಜಾರ, ನಂದು ಒಂದು ಅಧ್ಯಾಯನೂ ಬಂದಿಲ್ರಿ."

"ಬರದೀಯಲ್ಲೋ?"

"ಬರದೀನ್ರಿ. ಹುಬೇಹೂಬ ಅವನಂಗ ಮಾಡೀನಿ. ನನ್ನ ಕಣ್ಣಿಗೆ ಕಾಣತಾವು, ನಿಮ್ಮ ಕಣ್ಣಿಗೆ ಕಾಣತಾವು. ಆ ಕಂಪ್ಯೂಟರಿಗೆ ಮಾತ್ರ ಕಾಣವಲ್ಲವು."

"ಅಂವ ಹೆಂಗ ಮಾಡ್ಯಾನ?"

"ಗೊತ್ತಿಲ್ರಿ."

"ಕೇಳು."

"ಅವನ್ನ ನಾ ಯಾಕ ಕೇಳಲ್ರಿ? ಹೋಗಾಗ ಒಂದು ಮಾತು ಹೇಳಿದನೇನ್ರಿ ನಂಗ?"

"ಹಂಗಾರ ಬ್ಯಾಡ," ಎಂದು ಅಜ್ಜನವರು ಹೊಳೆಯ ಕಡೆ ತಿರುಗಿದರು.

ಅಡಿವೆಯ್ಯ ಒಂದೆರಡು ದಿನ ಬಿಗಿದುಕೊಂಡೇ ಇದ್ದ. ಪ್ರೆಸ್ಸಿನವರು ಬಿಡಲಿಲ್ಲ. ಕೊನೆಗೆ ಫೋನು ಹಚ್ಚಿದ. ಹೇಗಿದ್ದೀಯಾ ಎಂದು ಕೂಡ ಕೇಳಲಿಲ್ಲ.

"ನೀ ತಲಿಬರಹ ಹೆಂಗ ಮಾಡತಿದ್ದಿ?"

ಆ ಕಡೆಯಿಂದ ಕಲ್ಮೇಶ ಹೇಳಿದ:

"ನೀ ಕೈಲೆ ದಪ್ಪ ಮಾಡೀಯೇನು? ಹಂಗ ಮಾಡಿದ್ರ ಅದು ಬರೇ ದಪ್ಪ ಅಕ್ಷರ, ಅಡಿವೆಯ್ಯಾ. ಇದು ತಲಿಬರಹ ಅಂತ ಅದಕ್ಕ ನಾವು ಹೇಳಬೇಕು. ಸಾಲಿನ ಮ್ಯಾಲೆ ಕರ್ಸರ್ ಇಡು, ಸ್ಟೈಲ್ ಅಂತ ಇರತೈತಿ ನೋಡು, ಅದರಾಗ ಹೆಡಿಂಗ್ ಒಂದು ಅನ್ನೋದನ್ನ ಒತ್ತು. ನೀ ಹೊಡದ ಅಂಕಿ ಅಳಸಿಬಿಡು. ಅಂಕಿ ಅದ ಕೊಡತೈತಿ."

"ಅಷ್ಟನ?"

"ಅಷ್ಟ."

ಇಬ್ಬರೂ ಫೋನು ಇಡಲಿಲ್ಲ. ಹಿಂದೆ ಅಂಗಡಿಯ ಯಂತ್ರದ ಸದ್ದು ಕೇಳುತ್ತಿತ್ತು.

"ಮತ್ತೇನರ ಹೇಳೂದೈತೇನು?" ಎಂದ ಕಲ್ಮೇಶ.

"ಏನಿಲ್ಲ."

ಮಾತು ಮುಗಿದ ಮೇಲೂ ಅಡಿವೆಯ್ಯ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಹೇಳುವುದು ಬೇಕಾದಷ್ಟಿತ್ತು.

ಕಲ್ಮೇಶ ಹೇಳಿಕೊಟ್ಟ ಹಾಗೆ ಒಂದೊಂದೇ ತಲೆಬರಹಕ್ಕೆ ಸ್ಟೈಲ್ ಕೊಟ್ಟ. ಅಂಕಿಗಳು ತಾವಾಗಿ ಬಂದವು. ಪರಿವಿಡಿಯ ಗುಂಡಿ ಒತ್ತಿದ. ಕಲ್ಮೇಶನ ಒಂಬತ್ತರ ಕೆಳಗೆ ಅವನ ಅಧ್ಯಾಯಗಳೆಲ್ಲ ಬಂದು ನಿಂತವು.

ಅಚ್ಚು ತೆಗೆದು ಅಜ್ಜನವರ ಮುಂದೆ ಹಿಡಿದ. ಅವರು ಚಷ್ಮಾ ಹಾಕಿಕೊಂಡು, ಬೆರಳಿಟ್ಟು, ಮೇಲಿನಿಂದ ಕೆಳಗಿನವರೆಗೆ ಓದಿದರು.

"ಏನ ಮಾಡಿದಿ?"

"ಏನೂ ಮಾಡಿಲ್ರಿ. ನೋಡಾಕ ಎಲ್ಲಾ ಮೊದಲಿನಂಗ ಅದಾವು. ಇದು ತಲಿಬರಹ ಅಂತ ಹೇಳಿದೆ, ಅಷ್ಟ."

"ಹೇಳಿದ ಮ್ಯಾಲೆ ತಿಳೀತು?"

"ತಿಳೀತ್ರಿ."

"ಅಷ್ಟು ದಪ್ಪ ಬರದಾಗ ತಿಳಿದಿದ್ದಿಲ್ಲ?"

"ಇಲ್ರಿ."

ಅಜ್ಜನವರು ಚಷ್ಮಾ ತೆಗೆದರು.

"ಕಲ್ಮೇಶಗ ಹೇಳಿದೇನು?"

"ಏನ್ರಿ?"

"ಅಂವ ಹೇಳದ ಹೋಗಿದ್ದು ನಿಂಗ ಕೆಟ್ಟ ಅನಿಸೇತಿ ಅಂತ."

"ಅವಂಗ ಗೊತ್ತಾಗಿರತೈತ್ರಿ. ಇಷ್ಟು ದಿನ ಮಾತು ಬಿಟ್ಟೀನಲ್ಲ."

"ಅದೂ ಬರೇ ದಪ್ಪ ಅಕ್ಷರ," ಎಂದರು ಅಜ್ಜನವರು.

ಅಡಿವೆಯ್ಯ ತಲೆ ತಗ್ಗಿಸಿದ. ಕಣ್ಣು ತುಂಬಿ ಬಂತು. ಇಷ್ಟು ದಿನ ಒಳಗೆ ಇಟ್ಟುಕೊಂಡದ್ದು ಆಗ ಬಾಯಿಗೆ ಬಂತು.

"ಅಜ್ಜಾರ, ನಾಳೆ ನಾನೂ ಹೊಂಟೀನ್ರಿ. ಅಕ್ಕನ ಊರಿಗೆ. ಪುಸ್ತಕ ಮುಗೀತಲ್ಲ."

"ಯಾಕ?"

"ಇಲ್ಲಿ ನಾ ಯಾರಿಗೂ ಬೇಕಾಗಿಲ್ರಿ. ಕಲ್ಮೇಶ ಹೋಗಾಗ ಬಸ್ಸಿನ ಮಟಾ ಹೋಗಿ ಕಳಿಸಿ ಬಂದ್ರಿ. ನಂಗ ಉಂಡೇನು ಅಂತ ಒಂದು ದಿನ ಕೇಳಿಲ್ಲ ನೀವು."

ಅಜ್ಜನವರು ಕೈಯಲ್ಲಿದ್ದ ಹಾಳೆಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ದಿನಾ ಮುಂಜಾನೆ ನಿನ್ನ ಜಳಕಕ್ಕ ಬಿಸಿನೀರು ಕಾಸಿ ಇಡತಾರಲ್ಲ, ಅದು ಯಾರ ಇಡೂದು?"

"ಅಡಿಗಿ ಮಾಡೋ ನೀಲವ್ವ ಅಲ್ಲೇನ್ರಿ?"

"ನೀಲವ್ವ ಬರೂದು ಹೊತ್ತೇರಿದ ಮ್ಯಾಲೆ."

ಅಡಿವೆಯ್ಯ ಅವರ ಮುಖ ನೋಡಿದ. ಅಜ್ಜನವರ ಗಡ್ಡ ಸಣ್ಣಗೆ ಅದುರುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವನು ಅದನ್ನು ಕಂಡಿರಲಿಲ್ಲ.

"ನೀವಾ? ಒಂದು ದಿನ ಹೇಳಬಾರದೇನ್ರಿ ಅಜ್ಜಾರ?"

"ನೋಡಿದ್ರ ತಿಳೀತೈತಿ ಅಂತ ತಿಳಕೊಂಡಿದ್ದೆ. ನಂದೂ ಬರೇ ದಪ್ಪ ಅಕ್ಷರನ ಆತು."

ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ಅಜ್ಜನವರು ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಮತ್ತೆ ತೆರೆದರು.

"ಅಡಿವೆಯ್ಯಾ, ನೀ ಹೋದ್ರ ನಂಗ ಯಾರೂ ಇಲ್ಲ."