ಪಟ್ಟದ ಹೋರಿಯ ಬಲಗಣ್ಣು

"ಕೇಳಿರಯ್ಯಾ ಕೇಳಿ, ಇಮ್ಮಡಿ ಬೊಮ್ಮನಾಯಕರ ಅಪ್ಪಣೆ. ಪಟ್ಟದ ಹೋರಿಯ ಬಲಗಣ್ಣು ಕೀವು ಕಟ್ಟಿದೆ. ವಾಸಿ ಮಾಡಬಲ್ಲವರು ಬರಬಹುದು. ಬಂದವರು ಮೊದಲು ದೊರೆಮಗಳು ಚಿನ್ನಾಜಮ್ಮನವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಕ್ಕೀತು, ತಪ್ಪಿದವರಿಗೆ ತಲೆ ಹೋದೀತು."

ಡಂಗುರದವನು ಇಷ್ಟು ಸಾರಿ ಮುಂದಿನ ಊರಿಗೆ ನಡೆದ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಗೊಲ್ಲರ ಕ್ಯಾತ ಮಂಕರಿಯನ್ನು ಅಲ್ಲೇ ಇಟ್ಟು ನಿಂತ. ಆ ಹೋರಿ ಅವನು ಸಾಕಿದ್ದು. ತಾಯಿ ಸತ್ತ ಕರುವಿಗೆ ಬಟ್ಟೆ ಅದ್ದಿ ಹಾಲು ಕುಡಿಸಿ ಬೆಳೆಸಿದ್ದ. ಸುಳಿ ಚೆನ್ನಾಗಿದೆಯೆಂದು ಅರಮನೆಯವರು ಹೊಡೆದುಕೊಂಡು ಹೋಗಿದ್ದರು. ಹೋದ ವರ್ಷವೇ ಅದರ ಎಡಗಣ್ಣು ವೈದ್ಯರ ಕೈಯಲ್ಲಿ ಕುರುಡಾಗಿತ್ತು. ಎರಡೂ ಕಣ್ಣು ಹೋದ ಹೋರಿಯನ್ನು ಗಡಿಯಾಚೆಯ ಕಾಡಿಗೆ ಅಟ್ಟುವುದು ಆ ಸೀಮೆಯ ಪದ್ಧತಿ. ಹುಲಿಯಿರುವ ಕಾಡಿನಲ್ಲಿ ಕುರುಡು ದನ ಎಷ್ಟು ದಿನ ಬಾಳೀತು? ಕ್ಯಾತ ಅವತ್ತೇ ಹೊರಟ.

ಅವನಿಗೊಂದು ಕೊರೆ ಇತ್ತು. ಹೇಸಿಗೆ ಜಾಸ್ತಿ. ಸಗಣಿ, ಗಂಜಲ ಲೆಕ್ಕಕ್ಕಿಲ್ಲ. ಆದರೆ ಕೀವು ಕಂಡರೆ, ಕಫ ಕಂಡರೆ, ಯಾರಾದರೂ ಎಂಜಲು ಕೈಯಲ್ಲಿ ಬಡಿಸಿದರೆ ಹೊಟ್ಟೆ ತೊಳಸುತ್ತಿತ್ತು. ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತಿದ್ದ. ದನ ಕಾಯೋನಿಗೆ ದೊರೆಯ ಮಡಿ ಎಂದು ಹಟ್ಟಿಯವರು ಆಡಿಕೊಳ್ಳುತ್ತಿದ್ದರು.

ಅರಮನೆಯ ಕೊಟ್ಟಿಗೆಯಲ್ಲಿ ಹೋರಿಯನ್ನು ಕಂಡಾಗ ಅವನಿಗೆ ಅಳು ಬಂತು, ಜೊತೆಗೆ ವಾಕರಿಕೆಯೂ ಬಂತು. ರೆಪ್ಪೆ ಊದಿ ಮುಚ್ಚಿಹೋಗಿತ್ತು. ಹಳದಿ ಗೀಜು ಕೆನ್ನೆಯವರೆಗೆ ಇಳಿದು ಒಣಗಿತ್ತು, ಅದರ ಮೇಲೆ ನೊಣಗಳ ಹಿಂಡು. ಸುತ್ತ ವೈದ್ಯರು. ಅವರನ್ನು ನೋಡುವುದು ಹೋರಿಯ ಕಣ್ಣು ನೋಡುವುದಕ್ಕಿಂತ ಕಷ್ಟ. ಆ ಸೀಮೆಯಲ್ಲಿ ದನದ ಕಣ್ಣಿಗೆ ಮದ್ದು ಎಂದರೆ ಅಗಿದು ಊದುವುದು. ತುಂಬೆಸೊಪ್ಪೋ ಹೊಗೆಸೊಪ್ಪೋ, ಬಾಯಲ್ಲಿ ನುಣ್ಣಗೆ ಅಗಿದು ಫೂ ಎಂದು ಕಣ್ಣಿಗೇ ಉಗುಳಬೇಕು. ಗುಣ ಸೊಪ್ಪಿನಲ್ಲಿಲ್ಲ, ವೈದ್ಯನ ಬಾಯಲ್ಲಿದೆ ಎಂಬ ನಂಬಿಕೆ. ಕರೆಗಟ್ಟಿದ ಹಲ್ಲು, ಗಡ್ಡದ ಮೇಲೆ ಹಸಿರು ಜೊಲ್ಲು, ಥೂ, ಹೇಳುವುದಕ್ಕೇ ಅಸಹ್ಯ.

ಚಿನ್ನಾಜಮ್ಮ ದಿನವೂ ಹೋರಿಯ ಪಕ್ಕ ಕೂತು ಎಲ್ಲ ಕಂಡವಳು. ಕಂಡದ್ದನ್ನು ಹೇಳಿದರೆ ಹೆಣ್ಣುಮಗುವಿನ ಮಾತೆಂದು ನಕ್ಕಿದ್ದರು. ಅದಕ್ಕೇ ಒಗಟು ಕಟ್ಟಿದ್ದಳು. ಸಭೆಯಲ್ಲಿ ಅವಳು ಮೂರನ್ನೂ ಒಟ್ಟಿಗೆ ಒಡ್ಡಿದಳು.

"ಅಳುವವರನ್ನು ಹುಡುಕಿಕೊಂಡು ಬರುತ್ತದೆ, ಸಮಾಧಾನ ಹೇಳುವುದಕ್ಕಲ್ಲ, ಉಣ್ಣುವುದಕ್ಕೆ. ಉಂಡು ಕಾಲು ತೊಳೆಯದೆ ಮುಂದಿನ ಮನೆಗೆ ಹೋಗುತ್ತದೆ. ಅದೇನು? ಎರಡನೆಯದು, ಕದ ಮುಚ್ಚಿದ ಕೋಣೆಯಲ್ಲಿ ಬಿಳಿ ನೂಲು, ನೂತವರಿಲ್ಲ, ಎಳೆಯಹೋದರೆ ಹೊರಳುತ್ತದೆ. ಮೂರನೆಯದು, ನಮ್ಮೊಳಗಿದ್ದಾಗ ನಮ್ಮದು, ಹೊರಗೆ ಬಿಟ್ಟ ಮೇಲೆ ದೊರೆಯೂ ತನ್ನದೆಂದು ತಿರುಗಿ ತೆಗೆದುಕೊಳ್ಳುವುದಿಲ್ಲ."

ಒಬ್ಬ ವೈದ್ಯ ಮೊದಲನೆಯದಕ್ಕೆ ಸಾವಿನ ಮನೆಯ ನೆಂಟ ಎಂದ. ಇನ್ನೊಬ್ಬ ಎರಡನೆಯದಕ್ಕೆ ರೇಷ್ಮೆ ಗೂಡು ಎಂದ. ಇಬ್ಬರನ್ನೂ ಕಂಬಕ್ಕೆ ಬಿಗಿದರು, ಸಂಜೆಗೆ ತಲೆ. ಎಡಗಣ್ಣು ಕಳೆದಿದ್ದ ಅರಮನೆಯ ವೈದ್ಯ ಸಿರಿಯಪ್ಪ ಮಾತ್ರ ಹೆದರಲಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದನಂತೆ. ಮೊದಲೆರಡನ್ನು ಆಮೇಲೆ ಹೇಳುತ್ತೇನೆಂದು, ಮೂರನೆಯದು ಮಾತು, ಆಡಿದ ಮಾತನ್ನು ದೊರೆ ಹಿಂದೆ ತೆಗೆದುಕೊಳ್ಳುವುದುಂಟೇ ಎಂದು ಕೈಮುಗಿದ. ದೊರೆ ತಲೆದೂಗಿದ.

"ಅಪ್ಪಾಜಿ ಎಷ್ಟು ಸಲ ತಗೊಂಡಿದ್ದಾರೆ ಅನ್ನೋದು ನನಗೆ ಗೊತ್ತು," ಎಂದಳು ಮಗಳು. ಸಿರಿಯಪ್ಪನೂ ಕಂಬ ಸೇರಿದ.

ಕ್ಯಾತ ಮುಂದೆ ಬಂದ.

"ಅಮ್ಮಣ್ಣಿ, ಮೊದಲ್ನೇದು ನೊಣ. ಅಳೋ ಕಣ್ಣೇ ಅದಕ್ಕೆ ಊಟದ ಮನೆ. ಒಂದು ದನದ ಕೀವು ತುಳಿದು ಇನ್ನೊಂದರ ಕಣ್ಣಿಗೆ ಹೋಗ್ತದೆ. ಎರಡ್ನೇದು ರೆಪ್ಪೆ ಒಳಗಿನ ಹುಳ. ಮುಚ್ಚಿದ ರೆಪ್ಪೇನೇ ಕದ. ನಮ್ಮ ಹಟ್ಟಿ ದನದ ಕಣ್ಣಲ್ಲೂ ಕಂಡೀನಿ, ಕಂಡು ಎರಡು ದಿನ ಉಂಡಿಲ್ಲ. ಮೂರ್ನೇದು..." ಅವನು ಕಂಬದ ಕಡೆ ನೋಡಿ ಮುಖ ಕಿವುಚಿದ. "ಉಗುಳು. ತನ್ನ ಉಗುಳನ್ನ ತಾನೇ ಮುಟ್ಟಲ್ಲ ಯಾರೂ. ಆದರೂ ಬಾಯಿಲ್ಲದ ಪ್ರಾಣಿ ಕಣ್ಣಿಗೆ ಹಾಕ್ತಾರೆ. ಎಡಗಣ್ಣು ಹೋಗಿದ್ದು ರೋಗದಿಂದಲ್ಲ, ಅದರಿಂದ."

ಚಿನ್ನಾಜಮ್ಮ ಹೌದೆಂದು ತಲೆಯಾಡಿಸಿದಳು.

ಕ್ಯಾತ ನೀರು ಕುದಿಸಿ ಆರಿಸಿ ಚಿಟಿಕೆ ಉಪ್ಪು ಹಾಕಿದ. ಮೊಣಕೈವರೆಗೆ ಕೈ ತೊಳೆದ. ಬೇವಿನ ಸೊಪ್ಪಿನ ಹೊಗೆ ಹಾಕಿ ನೊಣ ಓಡಿಸಿದ. ಒಗೆದ ಬಟ್ಟೆಯಿಂದ ಗೀಜು ನೆನೆಸಿ ನೆನೆಸಿ ಬಿಡಿಸಿದ. ರೆಪ್ಪೆ ತೆರೆದಾಗ ಬಿಳಿ ಹುಳ ಮಿಸುಕಿತು. ಅವನು ಓಡಿಹೋಗಿ ಗೋಡೆಯಾಚೆ ವಾಂತಿ ಮಾಡಿದ, ಬಾಯಿ ಮುಕ್ಕಳಿಸಿ ಕೈ ತೊಳೆದು ಮತ್ತೆ ಬಂದ. ಒಂದೊಂದಾಗಿ ಏಳು ಹುಳ ತೆಗೆದ. ಒಂಬತ್ತು ದಿನ ಹೀಗೇ ತೊಳೆದ. ಹತ್ತನೆಯ ದಿನ ಕಣ್ಣಿನಲ್ಲಿ ದೀಪದ ಕುಡಿ ಕಂಡಿತು.

ಏನು ಬೇಕೆಂದು ದೊರೆ ಕೇಳಿದ. ಹೋರಿ ಬೇಕೆಂದ ಕ್ಯಾತ. ದೊರೆ ಒಪ್ಪಿದ. ಕಂಬಕ್ಕೆ ಬಿಗಿದಿದ್ದ ವೈದ್ಯರ ತಲೆಗಳನ್ನೂ, ಇನ್ನು ಜಾನುವಾರಿನ ಹತ್ತಿರ ಬಾಯಿ ತೆರೆಯಬಾರದೆಂಬ ಕಟ್ಟಿನ ಮೇಲೆ, ಹುಳ ತೆಗೆದ ದಿನವೇ ಮಗಳ ಮಾತಿನಂತೆ ಉಳಿಸಿದ್ದ. ಖುಷಿ ತಡೆಯಲಾರದೆ, ಯಾರಿಗೂ ಸುಲಭಕ್ಕೆ ಸಿಗದ ಮರ್ಯಾದೆ ಮಾಡಹೊರಟ. ತಾನು ಜಗಿಯುತ್ತಿದ್ದ ತಾಂಬೂಲವನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ಚಾಚಿದ. ದಳವಾಯಿಗಳು ಹೊಟ್ಟೆಕಿಚ್ಚಿನಿಂದ ನೋಡಿದರು. ಬೇಡವೆಂದರೆ ಹೋರಿಯೂ ಇಲ್ಲ, ತಲೆಯೂ ಇಲ್ಲ. ಕ್ಯಾತ ತನ್ನ ಕೈಗಳನ್ನು ಹಿಂದಕ್ಕೆ ಎಳೆದುಕೊಂಡ.

"ಬುದ್ದಿ, ಹುಳ ಮುಟ್ಟಿದ ಕೈ ಅಂತ ಚೆನ್ನಾಗಿ ತೊಳಕೊಂಡು ಬಂದೀನಿ," ಎಂದ ಮೆಲ್ಲಗೆ. "ಅದನ್ನ ಮುಟ್ಟಿದರೆ ತಿರುಗಾ ತೊಳೀಬೇಕಾಗ್ತದೆ."

ಕತ್ತಿಯವರು ದೊರೆಯ ಮುಖ ನೋಡಿದರು. ದೊರೆ ತನ್ನ ಅಂಗೈ ನೋಡಿಕೊಂಡ. ಕೆಂಪು ಜೊಲ್ಲು ಬೆರಳ ಸಂದಿಯಿಂದ ಉಂಗುರಕ್ಕೆ ಇಳಿಯುತ್ತಿತ್ತು, ಒಂದು ನೊಣ ಬಂದು ಅದರ ಮೇಲೆ ಕೂತಿತು. ಅರವತ್ತು ವರ್ಷದಲ್ಲಿ ಅವನು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಮುಖ ಹುಳ್ಳಗಾಯಿತು.

"ನೀರು ತನ್ನಿ," ಎಂದ. "ಅವನ ಹೋರಿ ಬಿಚ್ಚಿ ಕಳಿಸಿ."

ಕ್ಯಾತ ಹಗ್ಗ ಹಿಡಿದು ಹೊರಟ. ಹಟ್ಟಿಯ ದಾರಿ ಕವಲೊಡೆಯುವಲ್ಲಿ ಅವನು ಹಗ್ಗ ಎಳೆಯಬೇಕಾಗಲಿಲ್ಲ. ಹೋರಿ ಕತ್ತು ಹೊರಳಿಸಿ ಬಲಗಣ್ಣಿನಿಂದ ದಾರಿ ನೋಡಿ ತಾನೇ ತಿರುಗಿತು.