ಕಡವಿನಲ್ಲಿ ಮಲಗಿದ ನೀರ್ಗುದುರೆ

ನೈಜರ್ ನದಿಯ ದಡದ ಒಂದು ಊರಿನಲ್ಲಿ ಬಾಬಾ ಅಲಾಬಿಯವರ ನಾಟಕದ ಮೇಳ ಬೀಡುಬಿಟ್ಟಿತ್ತು. ಅಡುನ್ನಿ ಅವರ ಶಿಷ್ಯೆ. ಊರೂ ಅವಳದೇ, ಮರುದಿನ ಆಡಬೇಕಾದ ನಾಟಕವೂ ಅವಳದೇ.

ಪ್ರಾಂತ್ಯವನ್ನಾಳುವ ಸೇನಾಧಿಕಾರಿ ದೋಣಿಗಳು ನದಿಗಿಳಿಯುವ ಊರಿನ ಕಡವನ್ನು ಮುಚ್ಚಿಸಿದ್ದ. ಮೀನುಗಾರರ ದೋಣಿಗಳು ದಡದಲ್ಲಿ ಒಣಗುತ್ತಿದ್ದವು. ಏಕೆಂದು ಕೇಳಹೋದ ಅಡುನ್ನಿಯ ಅಣ್ಣ ಸೆರೆಯಲ್ಲಿದ್ದ. ಆಮೇಲೆ ಯಾರೂ ತುಟಿ ಬಿಚ್ಚಿರಲಿಲ್ಲ.

ಅವಳ ನಾಟಕದಲ್ಲಿ ನೀರ್ಗುದುರೆಯೊಂದು ಕಡವಿಗೆ ಅಡ್ಡ ಮಲಗುತ್ತದೆ, ಏಳಲೊಲ್ಲದು.

ರಂಗದ ಮೇಲೆ ಮುಖವಾಡ ಕಳಚುವ ರೂಢಿ ಆ ಮೇಳದಲ್ಲಿಲ್ಲ. ಆದರೂ ಅಡುನ್ನಿ ಒಂದು ಕೆಂಪು ಟೋಪಿ ಹೊಲಿದು ತಂದಳು. ಸೇನಾಧಿಕಾರಿಯ ತಲೆಯ ಮೇಲಿದ್ದಂಥದೇ.

"ಇದು ಯಾರಿಗೆ?" ಎಂದರು ಬಾಬಾ.

"ನೀರ್ಗುದುರೆಗೆ. ಕೊನೆಯಲ್ಲಿ ಮುಖವಾಡ ತೆಗೆದಾಗ ಇದು ಕಾಣಬೇಕು. ಇಲ್ಲವಾದರೆ ಜನರಿಗೆ ಹೇಗೆ ತಿಳಿಯುತ್ತದೆ?"

ಬಾಬಾ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಳದ ಸೋರುವ ದೋಣಿಗಿಳಿದು, ಆ ಟೋಪಿಯಿಂದಲೇ ನೀರು ಮೊಗೆದು ಚೆಲ್ಲತೊಡಗಿದರು.

"ಬಾಬಾ! ಮೂರು ದಿನ ಕೂತು ಹೊಲಿದದ್ದು!"

"ಅದಕ್ಕೇ ಇಷ್ಟು ಗಟ್ಟಿ. ಒಂದು ಹನಿ ಸೋರುತ್ತಿಲ್ಲ ನೋಡು."

ಅಡುನ್ನಿಯ ಕಣ್ಣು ತುಂಬಿತು. "ಜನ ಸುಮ್ಮನೆ ನಕ್ಕು ಮನೆಗೆ ಹೋದರೆ ನನ್ನ ಅಣ್ಣ ಅಲ್ಲಿಯೇ ಕೊಳೆಯುತ್ತಾನೆ."

"ನಾಳೆ ನೀನು ರಂಗವನ್ನು ನೋಡಬೇಡ," ಎಂದರು ಬಾಬಾ. "ಜನರನ್ನು ನೋಡು."

ಮರುದಿನ ಮಧ್ಯಾಹ್ನ ಸೇನಾಧಿಕಾರಿಯೇ ಮುಂದಿನ ಸಾಲಿನಲ್ಲಿ ಬಂದು ಕುಳಿತ. ರಂಗದ ಮೀನುಗಾರರು ನೀರ್ಗುದುರೆಯನ್ನು ಹಾಡಿ ಬೇಡಿದರು, ಹಗ್ಗ ಕಟ್ಟಿ ಎಳೆದರು. ಅದು ಆಕಳಿಸಿ ಮಗ್ಗುಲಾಯಿತು.

ಮೀನು ಮಾರುವ ಮುದುಕಿಯೊಬ್ಬಳು ಕಿಸಕ್ಕನೆ ನಕ್ಕಳು. ಪಕ್ಕದವನು ಬೆಚ್ಚಿ ಅವಳ ಮುಖ ನೋಡಿದ. ನೋಡಿ, ತಾನೂ ನಕ್ಕ. ನಗೆ ಸಾಲಿನಿಂದ ಸಾಲಿಗೆ ಹರಿಯುವುದನ್ನು ಅಡುನ್ನಿ ಕಂಡಳು.

ಸೇನಾಧಿಕಾರಿ ಎದ್ದು ನಿಂತ. "ನಿಲ್ಲಿಸಿ! ಯಾರು ಆ ಮೃಗ?"

ಬಾಬಾ ತಲೆಬಾಗಿದರು. "ನೀರ್ಗುದುರೆ, ಪ್ರಭು. ತಮಗೆ ಬೇರೆ ಯಾರಾದರೂ ಕಂಡಿದ್ದರೆ ದಯವಿಟ್ಟು ಹೆಸರು ಹೇಳಿ, ತಿದ್ದಿಕೊಳ್ಳುತ್ತೇವೆ."

ಸೇನಾಧಿಕಾರಿ ಬಾಯಿ ತೆರೆದ. ಊರೆಲ್ಲ ಆ ಬಾಯನ್ನೇ ನೋಡುತ್ತಿತ್ತು.

ಅವನು ಕುಳಿತುಕೊಂಡ.

ಬೆಳಗಾದಾಗ ಊರು ದೋಣಿಗಳನ್ನು ಹೆಗಲ ಮೇಲೆ ಹೊತ್ತು ಕಡವಿಗೆ ನಡೆಯಿತು. ಮುದುಕಿ ಎಲ್ಲರಿಗಿಂತ ಮುಂದೆ. ಯಾರನ್ನು ತಡೆಯಬೇಕೆಂದು ತೋಚದೆ ಕಾವಲುಗಾರರು ಬದಿಗೆ ಸರಿದರು. ದೋಣಿಗಳನ್ನು ನೀರಿಗಿಳಿಸಿದ ಜನ ಸೆರೆಮನೆಯ ದಾರಿ ಹಿಡಿದರು. ಅಡುನ್ನಿಯ ಅಣ್ಣನ ಹೆಸರನ್ನು ಅವರು ಗಟ್ಟಿಯಾಗಿ ಕೂಗುತ್ತಿದ್ದರು.

ಗುಂಪಿನ ಕೊನೆಯಲ್ಲಿ ಗುರುವಿನೊಡನೆ ಓಡುನಡಿಗೆಯಲ್ಲಿ ಸಾಗುತ್ತ ಅಡುನ್ನಿ ಕೇಳಿದಳು: "ಬಾಬಾ, ನಾವು ಏನನ್ನೂ ಬಿಡಿಸಿ ಹೇಳಲಿಲ್ಲ. ಇವರಿಗೆ ತಿಳಿದದ್ದು ಯಾವಾಗ?"

"ಪ್ರತಿಯೊಬ್ಬರಿಗೂ ಮೊದಲೇ ತಿಳಿದಿತ್ತು, ಮಗಳೇ. ಪಕ್ಕದಲ್ಲಿ ಕೂತವರಿಗೂ ತಿಳಿದಿದೆ ಎಂಬುದು ನಿನ್ನೆ ತಿಳಿಯಿತು."