ದೊಡ್ಡಜ್ಜಿಗೆ ತಂದ ಕುರಿಂಜಿ ಫೋಟೊ

ಒಂದು ಕಾಡಿನಲ್ಲಿ ಪ್ರವಾಸಿಗರ ಜೀಪಿನಿಂದ ಕ್ಯಾಮೆರಾವೊಂದು ಬಿತ್ತು. ಮಂಗಗಳು ಕಚ್ಚಿ ನೋಡಿ, ರುಚಿಯಿಲ್ಲವೆಂದು ಎಸೆದವು. ಅದು ಉರುಳಿ ಬಂದು ದೊಡ್ಡಜ್ಜಿ ಎಂಬ ಮುದಿ ಆನೆಯ ಕಾಲ ಬುಡದಲ್ಲಿ ನಿಂತಿತು.

ಆ ವರ್ಷ ಬೆಟ್ಟದ ತುದಿಯಲ್ಲಿ ಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಮಾತ್ರ ಅರಳುವ ನೀಲಿ ಹೂವು ಅದು. ದೊಡ್ಡಜ್ಜಿ ನಾಲ್ಕು ಸಲ ಕಂಡಿದ್ದಳು. ಈ ಸಲ ಅವಳ ಮೊಣಕಾಲು ಬೆಟ್ಟ ಹತ್ತಲು ಒಪ್ಪಲಿಲ್ಲ.

"ಮುಂದಿನ ಸಲಕ್ಕೆ ನಾನೆಲ್ಲಿರ್ತೀನಿ? ಯಾರಾದರೂ ಒಂದು ಫೋಟೊ ತೆಗೆದು ತನ್ನಿ. ತಂದವರನ್ನ ಬೆನ್ನ ಮೇಲೆ ಕೂರಿಸಿಕೊಂಡು ಮೆರೆಸ್ತೀನಿ. ಸಪಾಟು ನೆಲದಲ್ಲಿ ಮಾತ್ರ," ಎಂದಳು.

ಕೆಂಚಪ್ಪ ನರಿಯ ಕಿವಿ ನೆಟ್ಟಗಾಯಿತು. ಒಂದು ಕಿವಿ ಎನ್ನಬೇಕು. ಇನ್ನೊಂದು ಯಾವುದೋ ಜಗಳದಲ್ಲಿ ಅರ್ಧ ಹರಿದುಹೋಗಿತ್ತು. ಆನೆಯ ಮೇಲೆ ತಾನು, ಕೆಳಗೆ ಕೈಮುಗಿದು ನಿಂತ ಮೊಲಗಳು! ಅವನು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಓಡಿಯೇಬಿಟ್ಟ. ಕಲ್ಲವ್ವ ಆಮೆಯೂ ಹಿಂದೆಯೇ ಹೊರಟಳು.

"ಬಾರಕ್ಕ ಬಾ. ನೀನು ಬರೋ ಹೊತ್ತಿಗೆ ಮುಂದಿನ ಕುರಿಂಜಿ ಅರಳಿರುತ್ತೆ," ಎಂದು ನಕ್ಕ.

ಬೆಟ್ಟದ ಮೇಲೆ ಕೆಂಚಪ್ಪ ಓಡುತ್ತ ಫೋಟೊ ತೆಗೆದ, ಹಾರುತ್ತ ತೆಗೆದ. ಹೂವಿನ ಜೊತೆ ತಾನೂ ಇರಲಿ ಎಂದು ಮುಖ ಚಾಚಿ ತೆಗೆದ. ಮೂರು ದಿನದಲ್ಲಿ ಇನ್ನೂರು ಫೋಟೊ ಆದವು. ಪರದೆಯಲ್ಲಿ ನೋಡಿದರೆ ನೂರೆಂಬತ್ತರಲ್ಲಿ ಅವನ ಮೂಗು, ಉಳಿದವುಗಳಲ್ಲಿ ಬಾಲ. ಬ್ಯಾಟರಿ ಒಂದೇ ಗೆರೆಗೆ ಇಳಿದಿತ್ತು.

ನಾಲ್ಕನೆಯ ದಿನ ಕಲ್ಲವ್ವ ಬಂದು ತಲುಪಿದಳು. "ತಗೋ ಅಕ್ಕ, ನಿನ್ನ ಕೈಗುಣ ದೊಡ್ಡದು," ಎಂದು ಕೆಂಚಪ್ಪ ಬೆಣ್ಣೆ ಹಚ್ಚಿದ. ಅವಳು ತೆಗೆದ ಕೂಡಲೇ ಕಿತ್ತುಕೊಂಡು ಓಡುವುದು ಅವನ ಉಪಾಯ.

ಕಲ್ಲವ್ವನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಹೊಸ ಜಾಗಕ್ಕೆ ಹೋದರೆ ಮೊದಲು ತಲೆ ಒಳಗೆಳೆದುಕೊಂಡು ನೂರು ಉಸಿರು ಎಣಿಸಬೇಕು, ಆಮೇಲೆ ಕಣ್ಣು ಬಿಡಬೇಕು. ಅವಳು ಅರವತ್ತರ ಹತ್ತಿರ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದಳು. ಬಳಿಕ ಒಂದೊಂದು ಗಿಡದ ಹತ್ತಿರವೂ ಹೋಗಿ, "ತೆಗೀಲಾ ತಾಯಿ?" ಎಂದು ಕೇಳಿದಳು. ಮೋಡ ಸರಿಯಲಿ ಎಂದು ಕಾದಳು. ಜೇನ್ನೊಣವೊಂದು ಊಟ ಮುಗಿಸಲಿ ಎಂದೂ ಕಾದಳು.

"ತೆಗಿಯೇ ಮಾರಾಯ್ತಿ!" ಎಂದು ಗೋಗರೆದು ಗೋಗರೆದು ಕೆಂಚಪ್ಪ ಸುಸ್ತಾದ. ಯಾವಾಗ ನಿದ್ದೆ ಹತ್ತಿತೋ ಅವನಿಗೇ ತಿಳಿಯದು.

ಕ್ಲಿಕ್ ಎಂಬ ಸದ್ದಿಗೆ ಬೆಚ್ಚಿ ಎದ್ದ. ಕ್ಯಾಮೆರಾ ಕಿತ್ತುಕೊಂಡ. ಫೋಟೊ ಹೇಗಿದೆಯೆಂದೂ ನೋಡದೆ ಒಂದೇ ಉಸಿರಿಗೆ ಬೆಟ್ಟ ಇಳಿದ.

"ಅಜ್ಜೀ, ಫೋಟೊ ತಂದೆ! ನಾನೇ ತೆಗೆದದ್ದು!"

ದೊಡ್ಡಜ್ಜಿ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಬೆಟ್ಟವೆಲ್ಲ ನೀಲಿ. ಅವಳ ಕಣ್ಣು ತುಂಬಿ ಬಂತು. ಆನೆಯಲ್ಲವೇ, ನಿಧಾನವಾಗಿ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೆಳಗಿನ ಮೂಲೆಗೆ ಬಂದವಳು ಅಲ್ಲೇ ನಿಂತಳು.

"ಇಲ್ಲಿ ಬಾಯಿ ಬಿಟ್ಟುಕೊಂಡು ಮಲಗಿದ್ದಾನಲ್ಲ, ಇವನು ಯಾರಪ್ಪ?"

ಕೆಂಚಪ್ಪ ಇಣುಕಿದ. "ಅದು... ನನ್ನ ತಮ್ಮ."

"ತಮ್ಮನ ಕಿವಿಯೂ ಹರಿದಿದೆಯಾ?"

"ಅದು ನಾನೇ, ಅಜ್ಜಿ. ನಿದ್ದೇಲೇ ತೆಗೆದೆ."

ಮೊಲಗಳು ನಕ್ಕು ನಕ್ಕು ಉರುಳಿದವು. ಅಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು.

"ಇರಲಿ, ನನ್ನ ಕಣ್ಣು ತುಂಬಿತು," ಎಂದಳು ದೊಡ್ಡಜ್ಜಿ. "ಮೆರವಣಿಗೆ ಕಲ್ಲವ್ವನಿಗೆ. ನೀನು ಹೋಗಿ ಅವಳನ್ನ ಹೊತ್ತುಕೊಂಡು ಬಾ. ಅವಳು ನಿಲ್ಲು ಅಂದಲ್ಲೆಲ್ಲ ನಿಲ್ಲಬೇಕು."

ಕಲ್ಲವ್ವ ಇರುವೆ ಕಂಡರೂ ನಿಲ್ಲು ಎಂದಳು, ಇಬ್ಬನಿ ಕಂಡರೂ ನಿಲ್ಲು ಎಂದಳು. ಇಳಿಯಲು ಒಂಬತ್ತು ದಿನ ಹಿಡಿಯಿತು. ಎಂಟನೆಯ ದಿನ ಒಂದು ಜೇಡರ ಬಲೆಯ ಮುಂದೆ ಕೆಂಚಪ್ಪ ತಾನಾಗಿಯೇ ನಿಂತ.

"ಯಾಕೋ ನಿಂತೆ? ನಾನು ಹೇಳಲಿಲ್ಲವಲ್ಲ," ಎಂದಳು ಕಲ್ಲವ್ವ.

"ಶ್!" ಎಂದ ಕೆಂಚಪ್ಪ. "ಸ್ವಲ್ಪ ಸುಮ್ಮನಿರಕ್ಕ. ಗಾಳಿ ನಿಲ್ಲಲಿ."

ನೀತಿ: ಅವಸರದಲ್ಲಿ ನೋಡುವವನಿಗೆ ತನ್ನ ಮೂಗಷ್ಟೇ ಕಾಣುತ್ತದೆ. ತಾಳ್ಮೆಯಿಂದ ನೋಡುವವರಿಗೆ ಕಾಡೂ ಕಾಣುತ್ತದೆ, ಕಳ್ಳನೂ ಕಾಣುತ್ತಾನೆ.